ಏಲಕ್ಕಿಗೆ ನಾಲ್ಕು ಹೊತ್ತಿನ ಊಟ

ಕ್ಯಾಂಟನ್
ಮಾರ್ಚ್ 18, 2024

ಶೈಲಾಗೆ ಆಶೀರ್ವಾದಗಳು.

ನಿನ್ನ ನಾಯಿ ನಿನ್ನೆ ಸಂಜೆ ತಲುಪಿತು. ನೇಪರ್‌ವಿಲ್‌ನಿಂದ ಇಲ್ಲಿಯವರೆಗೆ ಐದು ಗಂಟೆ ಬಾಯಿ ಬಿಡಲಿಲ್ಲವೆಂದು ಕೇಶವ ಹೊಗಳಿದ. ತಾಯಿಯನ್ನು ಒಂದು ಮಾತು ಕೇಳದೆ ಎಂಟು ವಾರಕ್ಕೆ ನಾಯಿಯನ್ನು ಒಪ್ಪಿಕೊಂಡು ಬಂದ ಮಗ ಇನ್ನೇನು ಹೇಳಿಯಾನು?

ಒಂದು ಚೀಲದಲ್ಲಿ ನಾಯಿ, ಎರಡು ಚೀಲದಲ್ಲಿ ನಾಯಿಯ ಸಾಮಾನು. ಏಳು ಸ್ವೆಟರ್, ಎರಡು ಬಾಚಣಿಗೆ, ಒಂದು ಹಲ್ಲುಜ್ಜುವ ಬ್ರಷ್ಷು, ಕೋಳಿಯ ರುಚಿಯ ಪೇಸ್ಟು. ಪೇಸ್ಟನ್ನೂ ಅದರ ಆಹಾರದ ಡಬ್ಬಿಯನ್ನೂ ಗರಾಜಿನಲ್ಲಿ ಇಡಿಸಿದ್ದೇನೆ. ತೂಕ ಮೂರೂವರೆ ಪೌಂಡು ಎಂದು ಚೀಟಿಯಲ್ಲಿ ಬರೆದಿದ್ದೀಯೆ. ನಮ್ಮ ಮನೆಯ ಇಡ್ಲಿ ಪಾತ್ರೆ ಅದಕ್ಕಿಂತ ಭಾರ. ನಾಯಿ ಎಂದರೆ ಮನೆ ಕಾಯಬೇಕು. ಇದನ್ನು ಮನೆಯೇ ಕಾಯಬೇಕು.

ಅಡುಗೆಮನೆಗೂ ದೇವರ ಮನೆಗೂ ಅದಕ್ಕೆ ಪ್ರವೇಶವಿಲ್ಲ. ಈ ವಿಷಯದಲ್ಲಿ ಕೇಶವನ ಶಿಫಾರಸು ನಡೆಯುವುದಿಲ್ಲ.

ಗೋಪಿ ಸಾಕಿದ ನಾಯಿ ಎಂಬ ಒಂದೇ ಕಾರಣಕ್ಕೆ ಬಾಗಿಲು ತೆಗೆದೆ. ನಾನು ಮದುವೆಯಾಗಿ ಬಂದಾಗ ಹನ್ನೊಂದು ವರ್ಷದ ಮೈದುನ ಅವನು. ನನ್ನ ಕೈಯಲ್ಲಿ ಉಂಡು ಬೆಳೆದು, ನನಗಿಂತ ಮೊದಲೇ ಹೋದವನು. ಹದಿಮೂರು ವರ್ಷದ ಮೇಲೆ ನಿಮ್ಮ ಮನೆಯಿಂದ ನಮ್ಮ ಮನೆಗೆ ಬಂದ ಮೊದಲ ಅತಿಥಿ ನಾಯಿ ಎಂಬುದನ್ನು ನೀನೂ ಗಮನಿಸಿರಬಹುದು.

ಸೊಂಟದ ಆಪರೇಷನ್ ಸರಾಗವಾಗಿ ಆಗಲಿ. ಹೇಳುವುದಿದ್ದರೆ ಬರೆ. ಫೋನ್ ಬೇಡ. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಇಬ್ಬರಿಗೂ ಗೊತ್ತಿದೆ.

ಸತ್ಯಭಾಮಾ


ನೇಪರ್‌ವಿಲ್
ಮಾರ್ಚ್ 22, 2024

ಅಕ್ಕನವರಿಗೆ ಶೈಲಾ ಮಾಡುವ ನಮಸ್ಕಾರಗಳು.

ಕಾಗದ ಬಂತು. ನಿಮ್ಮ ಅಕ್ಷರ ಇನ್ನೂ ಮುತ್ತು ಪೋಣಿಸಿದ ಹಾಗೇ ಇದೆ. ಮಾತೂ ಹಾಗೇ ಇದೆ.

ಏಲಕ್ಕಿಯನ್ನು ಬೇರೆಲ್ಲಾದರೂ ಬಿಡಬಹುದಿತ್ತು. ನಾಯಿ ಹಾಸ್ಟೆಲಿನಲ್ಲಿ ಕರುವಿನಷ್ಟು ದೊಡ್ಡ ನಾಯಿಗಳು. ಒಂದು ತುಳಿದರೆ ಇವಳ ಕಥೆ ಮುಗಿಯಿತು. ಮಗಳು ಲೀನಾ ಮನೆಯಲ್ಲಿ ಎರಡು ವರ್ಷದ ಮಗು, ಬೊಂಬೆ ಅಂತ ಹಿಸುಕಿಬಿಡುತ್ತೆ. ನಾನು ವಾಕರ್ ಹಿಡಿದು ನಡೆಯುವಾಗ ಇವಳು ಕಾಲಡಿ ಬಂದರೆ ಇಬ್ಬರೂ ಹೋದೆವು. ಕೇಶವ ತಾನಾಗಿಯೇ "ಚಿಕ್ಕಮ್ಮ, ನಮ್ಮನೇಲಿ ಇರ್ಲಿ ಬಿಡಿ, ಅಮ್ಮ ಒಂದು ದಿನ ಬೈತಾರೆ, ಎರಡನೇ ದಿನ ನೋಡ್ಕೋತಾರೆ" ಅಂದ. ಎರಡನೇ ದಿನ ಬಂತೋ?

ಹೆಸರಿಟ್ಟವರು ಇವರೇ. ಅಂಗಿ ಜೇಬಿನಲ್ಲಿ ಇಟ್ಟುಕೊಂಡು ತಂದರು. "ಏನ್ರೀ ಇದು" ಅಂದೆ. "ಏಲಕ್ಕಿ ಕಣೇ, ನೋಡೋಕೆ ಇಷ್ಟೇ, ಮನೆಗೆಲ್ಲಾ ಗೊತ್ತಾಗುತ್ತೆ" ಅಂದರು.

ಚೀಟಿಯಲ್ಲಿ ಬರೆದದ್ದನ್ನೇ ಮತ್ತೆ ಬರೆಯುತ್ತೇನೆ. ಕತ್ತಿಗೆ ಪಟ್ಟಿ ಹಾಕಿ ಎಳೆಯಬೇಡಿ, ಉಸಿರಿನ ಕೊಳವೆ ಮೆದು. ಎದೆಗೆ ಕಟ್ಟುವುದು ಇದೆ, ಅದನ್ನು ಹಾಕಿ. ಸೋಫಾ ಮೇಲಿಂದ ಹಾರಲು ಬಿಡಬೇಡಿ, ಕಾಲು ಕಡ್ಡಿಯ ಹಾಗೆ ಮುರಿಯುತ್ತೆ. ದ್ರಾಕ್ಷಿ, ಈರುಳ್ಳಿ ವಿಷ. ಊಟ ದಿನಕ್ಕೆ ನಾಲ್ಕು ಸಲ, ಒಂದು ಸಲಕ್ಕೆ ಎರಡೇ ಚಮಚ: ಬೆಳಿಗ್ಗೆ ಏಳು, ಮಧ್ಯಾಹ್ನ ಹನ್ನೆರಡು, ಸಂಜೆ ಐದು, ಆಮೇಲೆ ಮಲಗುವ ಮುಂಚೆ. ಇದು ಮಾತ್ರ ಯಾವ ಕಾರಣಕ್ಕೂ ತಪ್ಪಬಾರದು. ಅಷ್ಟು ನಡೆಸಿಕೊಡಿ.

ಇಪ್ಪತ್ತಾರಕ್ಕೆ ಆಪರೇಷನ್.

ಶೈಲಾ


ಕ್ಯಾಂಟನ್
ಏಪ್ರಿಲ್ 1, 2024

ಶೈಲಾಗೆ ಆಶೀರ್ವಾದಗಳು.

ಆಪರೇಷನ್ ಚೆನ್ನಾಗಿ ಆಯಿತೆಂದು ಕೇಶವ ಹೇಳಿದ. ಡಾಕ್ಟರು ಹೇಳಿದಷ್ಟು ನಡೆ. ಜಾಣತನ ತೋರಿಸಲು ಹೋಗಿ ಹೆಚ್ಚು ನಡೆಯಬೇಡ.

ನಾಯಿ ಚೆನ್ನಾಗಿದೆ. ಊಟ ಹೊತ್ತಿಗೆ ಸರಿಯಾಗಿ ಹಾಕುತ್ತಿದ್ದೇನೆ. ಇಷ್ಟು ಸಣ್ಣ ಹೊಟ್ಟೆಗೆ ನಾಲ್ಕು ಊಟ ಏಕೆಂದು ನನಗೆ ಅರ್ಥವಾಗಿಲ್ಲ. ಮುದ್ದಿಗೆ ಮಾಡಿದ ಅಭ್ಯಾಸವಿರಬೇಕು. ಗೋಪಿಗೂ ಹೊತ್ತು ಹೊತ್ತಿಗೆ ಕೊಟ್ಟು ಅಭ್ಯಾಸ ಮಾಡಿಸಿದವಳು ನೀನೇ.

ಬೆಳಿಗ್ಗೆ ಅದನ್ನು ಹೊರಗೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂದಿದೆ. ಕೇಶವ, ಸೊಸೆ ಕೆಲಸಕ್ಕೆ ಹೊರಡುತ್ತಾರೆ, ಮೊಮ್ಮಗಳು ಸಿಯಾ ಶಾಲೆಗೆ. ಮೊನ್ನೆ ಫ್ಯಾರನ್‌ಹೀಟಿನಲ್ಲಿ ಮೂವತ್ತನಾಲ್ಕು ಡಿಗ್ರಿ, ಹೆಪ್ಪುಗಟ್ಟುವ ಚಳಿ. ನೀಲಿ ಸ್ವೆಟರ್ ಹಾಕಿದೆ. ಪಕ್ಕದ ಮನೆಯ ದೇವ್ ತನ್ನ ಆನೆಯಂಥ ನಾಯಿಯನ್ನು ಹಿಡಿದು ನಿಂತು, "ಆಂಟಿ, ಇದು ನಾಯೀನಾ, ಇಲ್ಲಾ ನಾಯಿ ಸ್ಯಾಂಪಲ್ಲಾ?" ಎಂದ. "ನಿನ್ನದು ಕಾರ್ಪೆಟ್ ನೆಕ್ಕಿದ್ದನ್ನು ನಿನ್ನ ಹೆಂಡತಿ ಹೇಳಿದ್ದಾಳೆ. ನಮ್ಮದು ಬಟ್ಟಲು ಬಿಟ್ಟು ಬೇರೆಲ್ಲೂ ಬಾಯಿ ಹಾಕುವುದಿಲ್ಲ" ಎಂದೆ. ನಮ್ಮದು ಎಂದದ್ದು ಮಾತಿನ ಓಘಕ್ಕೆ.

ಎಂಟನೇ ತಾರೀಖು ಸೂರ್ಯಗ್ರಹಣ. ಕ್ಯಾಂಟನ್‌ನಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ಮುಚ್ಚುತ್ತದಂತೆ. ಉಳಿದ ಒಂದನ್ನೂ ನೋಡಬೇಕೆಂದು ಕೇಶವ ಹೆಂಡತಿ ಮಗಳನ್ನು ಕರೆದುಕೊಂಡು ಟೊಲೀಡೊಗೆ ಡ್ರೈವ್ ಮಾಡುತ್ತಾನೆ. ಕಪ್ಪು ಕನ್ನಡಕ, ಚಿಪ್ಸು, ಮಡಿಸುವ ಕುರ್ಚಿ ಎಲ್ಲ ಸಿದ್ಧವಾಗಿವೆ, ಜಾತ್ರೆಗೆ ಹೊರಟಂತೆ. ನಾನು ಮನೆಯಲ್ಲಿ ಇರುತ್ತೇನೆ. ಸ್ನಾನ, ಜಪ, ಉಪವಾಸ. ನನ್ನ ಮನೆಯಲ್ಲಿ ಗ್ರಹಣವೆಂದರೆ ಎಲ್ಲರಿಗೂ ಗ್ರಹಣ.

ಸತ್ಯಭಾಮಾ


ನೇಪರ್‌ವಿಲ್
ಏಪ್ರಿಲ್ 5, 2024

ಅಕ್ಕನವರಿಗೆ ನಮಸ್ಕಾರ.

ರಿಹ್ಯಾಬ್ ಸೆಂಟರಿನಲ್ಲಿದ್ದೇನೆ. ಲೀನಾ ನಿಮ್ಮ ಕಾಗದವನ್ನು ಇಲ್ಲಿಗೇ ತಂದುಕೊಟ್ಟಳು. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆದು ವಾಪಸ್ ಬಂದರೆ ಇಲ್ಲಿಯವರು ಚಪ್ಪಾಳೆ ತಟ್ಟುತ್ತಾರೆ. ಅರವತ್ತನಾಲ್ಕಕ್ಕೆ ಮತ್ತೆ ಮಗುವಾಗಿದ್ದೇನೆ.

ಗ್ರಹಣದ ವಿಷಯ ಬರೆದಿದ್ದೀರಿ. ಒಂದು ನೆನಪಾಯಿತು. ಮಕ್ಕಳಿಗೆ, ಮುದುಕರಿಗೆ, ಕಾಯಿಲೆಯವರಿಗೆ ಗ್ರಹಣದ ನಿಯಮ ಇಲ್ಲ ಅಂತ ಅತ್ತೆ ಹೇಳುತ್ತಿದ್ದರು, ಅಲ್ವಾ? ನೀವೂ ಮಾತ್ರೆ ತೆಗೆದುಕೊಳ್ಳುವವರು, ಏನಾದರೂ ತಿನ್ನಿ. ಏಲಕ್ಕಿಗೂ ಊಟ ತಪ್ಪಿಸಬೇಡಿ. ಅವಳಿಗೆ ಗ್ರಹಣ ಗೊತ್ತಾಗೋಲ್ಲ.

ಶೈಲಾ


ಕ್ಯಾಂಟನ್
ಏಪ್ರಿಲ್ 10, 2024

ಶೈಲಾಗೆ ಆಶೀರ್ವಾದ.

ಐದನೇ ತಾರೀಖಿನ ನಿನ್ನ ಕಾಗದ ನಿನ್ನೆ ಬಂತು.

ಗ್ರಹಣ ಆಯಿತು. ನಾಯಿ ಸೋಮವಾರ ಸ್ವಲ್ಪ ಮಂಕಾಗಿತ್ತು, ಡಾಕ್ಟರಿಗೆ ತೋರಿಸಿದೆವು. ಈಗ ಚೆನ್ನಾಗಿದೆ. ಆತಂಕ ಬೇಡ.

ನಾಲ್ಕು ಹೊತ್ತು ಊಟ ತಪ್ಪಬಾರದೆಂದು ನೀನು ಎರಡು ಸಲ ಬರೆದೆ. ಕತ್ತಿನ ಪಟ್ಟಿಗೆ ಕಾರಣ ಬರೆದೆ, ಸೋಫಾಗೆ ಕಾರಣ ಬರೆದೆ. ಇದಕ್ಕೆ ಮಾತ್ರ ಬರೆಯಲಿಲ್ಲ. ಏಕೆ?

ಸತ್ಯಭಾಮಾ


ನೇಪರ್‌ವಿಲ್
ಏಪ್ರಿಲ್ 15, 2024

ಅಕ್ಕನವರಿಗೆ ನಮಸ್ಕಾರ.

ಮನೆಗೆ ಬಂದೆ. ಲೀನಾ ಸಂಜೆ ಬಂದು ಹೋಗುತ್ತಾಳೆ.

ಕಾರಣ ಬರೆಯಬೇಕಿತ್ತು. ಒಪ್ಪಿಕೊಳ್ಳುತ್ತೇನೆ. ಬರೆಯಲು ಕೂತಾಗ ಕೈ ಬರಲಿಲ್ಲ.

ಇದರ ಜೊತೆ ಒಂದು ಸಣ್ಣ ಬಾಟಲಿ ಜೇನುತುಪ್ಪ ಕಳಿಸಿದ್ದೇನೆ. ಏಲಕ್ಕಿಯ ಚೀಲದಲ್ಲಿ ಇಟ್ಟಿರಿ. ಹೊರಗೆ ಹೋದಾಗಲೂ ಜೊತೆಗಿರಲಿ.

ಗ್ರಹಣದ ದಿನ ಹೇಗಿತ್ತು ಅಂತ ನೀವು ಒಂದೇ ಸಾಲು ಬರೆದಿರಿ. ನಿಮ್ಮ ಕಾಗದ ಯಾವತ್ತೂ ಅಷ್ಟು ಚಿಕ್ಕದಾಗಿರೋಲ್ಲ. ಬರೆಯುವುದು ಇನ್ನೇನಾದರೂ ಉಳಿದಿದೆಯಾ ಅಕ್ಕ?

ಶೈಲಾ


ಕ್ಯಾಂಟನ್
ಏಪ್ರಿಲ್ 27, 2024

ಶೈಲಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ನಿನ್ನ ಜೇನಿನ ಬಾಟಲಿ ಹತ್ತು ದಿನದಿಂದ ಮೇಜಿನ ಮೇಲೆ ಇದೆ. ಅದನ್ನು ನೋಡಿ ಮೊದಲು ಅಂದುಕೊಂಡದ್ದು, ಕ್ಯಾಂಟನ್‌ನಲ್ಲಿ ಜೇನು ಸಿಗುವುದಿಲ್ಲವೆಂದು ತಿಳಿದಿದ್ದಾಳೆಯೇ ಎಂದು. ಹಾಗೆಯೇ ಬರೆದೂ ಇದ್ದೆ. ಅದು ಹರಿದ ಮೊದಲನೆಯ ಕಾಗದ.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗ್ರಹಣ ಮಧ್ಯಾಹ್ನ ಎರಡಕ್ಕೆ ಎರಡು ನಿಮಿಷ ಇರುವಾಗ ಹಿಡಿಯಿತು, ನಾಲ್ಕು ಇಪ್ಪತ್ತೇಳಕ್ಕೆ ಬಿಟ್ಟಿತು. ಹನ್ನೆರಡು ಗಂಟೆ ಮುಂಚಿನಿಂದ ವೇಧ, ಏನೂ ತಿನ್ನುವಂತಿಲ್ಲ. ಭಾನುವಾರ ಮಲಗುವ ಮುಂಚೆ ನಾಯಿಗೆ ಎರಡು ಚಮಚ ಹಾಕಿದ್ದೇ ಕೊನೆ. ಬೆಳಿಗ್ಗೆ ಏಳಕ್ಕೆ ಅದು ಬಟ್ಟಲಿನ ಹತ್ತಿರ ಬಂದು ಕೂತಿತು. ನಾನು ಬಟ್ಟಲು ಎತ್ತಿಟ್ಟೆ. ಗರಾಜಿನ ಡಬ್ಬಿಯ ಮೇಲೂ ಒಂದು ಎಳೆ ದರ್ಭೆ ಹಾಕಿದ್ದೆ. ಕೇಶವ ನೋಡಿ, "ಅಮ್ಮಾ, ಕೋಳಿಗೆ ದರ್ಭೆನಾ?" ಎಂದು ನಕ್ಕು ಹೊರಟ. ಊಟದ ವಿಷಯ ಅವನು ಕೇಳಲಿಲ್ಲ. ನಾನು ಹೇಳಲಿಲ್ಲ.

ಹನ್ನೆರಡಕ್ಕೆ ಮತ್ತೆ ಬಂದು ಕೂತಿತು. ಬೊಗಳಲಿಲ್ಲ. ನನ್ನ ಮುಖ ನೋಡಿತು. ಒಂದು ದಿನ ಉಪವಾಸವಿದ್ದರೆ ಯಾರೂ ಸಾಯುವುದಿಲ್ಲ ಎಂದೆ. ನಾಯಿಗೆ ಹೇಳಿದ್ದು. ಆದರೆ ಆ ಮಾತನ್ನು ಹಿಂದೆ ಎಲ್ಲಿಯೋ ಹೇಳಿದ್ದೇನೆ ಎಂದು ಆಗಲೇ ಅನ್ನಿಸಿತು. ಎಲ್ಲಿ ಎಂದು ಹುಡುಕಲಿಲ್ಲ.

ಎರಡೂವರೆಗೆ ನಡುಗತೊಡಗಿತು. ಹೊರಗೆ ಅರವತ್ತೈದು ಡಿಗ್ರಿ, ಚಳಿಯಿಲ್ಲದ ದಿನ. ಆದರೂ ಚಳಿ ಎಂದುಕೊಂಡು ಸ್ವೆಟರ್ ಹಾಕಿದೆ. ಮೂರು ಗಂಟೆ ದಾಟಿದಾಗ ಬೆಳಕು ಬೂದಿಯ ಬಣ್ಣಕ್ಕೆ ಬಂತು. ಹಕ್ಕಿಗಳು ಸುಮ್ಮನಾದವು, ಬೀದಿ ದೀಪಗಳು ಹತ್ತಿದವು. ಜಪ ನಿಲ್ಲಿಸಿ ದೀಪ ಹಾಕಲು ಎದ್ದೆ. ನಾಯಿ ಬಟ್ಟಲು ಇರುತ್ತಿದ್ದ ಜಾಗದಲ್ಲಿ ಪಕ್ಕಕ್ಕೆ ಬಿದ್ದಿತ್ತು. ಕಣ್ಣು ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. ಎತ್ತಿದರೆ ಕತ್ತು ನಿಲ್ಲಲಿಲ್ಲ.

ಆ ನೋಟ ನನಗೆ ಗೊತ್ತಿತ್ತು. ಹದಿಮೂರು ವರ್ಷದ ಹಿಂದೆ ಅತ್ತೆಯ ತಿಥಿಯ ದಿನ ಇದೇ ಮನೆಯಲ್ಲಿ, ಇದೇ ಹೊತ್ತಿನಲ್ಲಿ ಗೋಪಿ ಹಾಗೆ ನೋಡಿದ್ದ. ಸಕ್ಕರೆ ಕಾಯಿಲೆಯವನು ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡು, ಬ್ರಾಹ್ಮಣರ ಊಟವಾಗುವ ತನಕ ಹಸಿದು ಕೂತಿದ್ದ. ನೀನು ಮಡಿ ಅಡುಗೆಮನೆಗೆ ನುಗ್ಗಿ ಎಡೆಗೆ ಇಟ್ಟ ಬಾಳೆಹಣ್ಣನ್ನು ತಂದು ಅವನ ಬಾಯಿಗೆ ಇಟ್ಟೆ. ನಾನು ಎಲ್ಲರ ಎದುರು, "ಹೆತ್ತ ತಾಯಿಗಾಗಿ ಒಂದು ದಿನ ಉಪವಾಸವಿದ್ದರೆ ಯಾರೂ ಸಾಯುವುದಿಲ್ಲ, ಗಂಡ ಹೆಂಡತಿ ನಾಟಕ ನಿಲ್ಲಿಸಿ" ಎಂದೆ. ನೀವು ಎಲೆಗೆ ಕೂರದೆ ಹೊರಟುಹೋದಿರಿ.

ನಾಯಿಯನ್ನು ಎತ್ತಿಕೊಂಡು ನೇರವಾಗಿ ದೇವರ ಮನೆಗೆ ಹೋದೆ. ಹತ್ತಿರ ಇದ್ದದ್ದು ಪಂಚಾಮೃತದ ಜೇನು. ಮುಚ್ಚಳದ ಮೇಲಿನ ದರ್ಭೆಯನ್ನು ತೆಗೆದು ಬಿಸಾಡಿ, ಬೆರಳು ಅದ್ದಿ ಒಸಡಿಗೆ ತಿಕ್ಕಿದೆ. ನೀನು ಅಂದು ಗೋಪಿಯ ತುಟಿಗೆ ಹಣ್ಣು ಒತ್ತಿದ್ದು ಕಣ್ಣ ಮುಂದಿತ್ತು, ಅದನ್ನೇ ಮಾಡಿದೆ. ಮೂರನೆಯ ಸಲಕ್ಕೆ ನಾಲಿಗೆ ಬೆರಳಿಗೆ ತಗುಲಿತು.

ದೇವ್ ಸೋಮವಾರ ಡಿಯರ್‌ಬಾರ್ನ್ ಆಫೀಸಿಗೆ ಹೋಗುವುದಿಲ್ಲ, ಮನೆಯಿಂದಲೇ ಕೆಲಸ. ಅಂಗಳದಲ್ಲಿ ಕಪ್ಪು ಕನ್ನಡಕ ಹಾಕಿ ಆಕಾಶ ನೋಡುತ್ತಿದ್ದವನು ನನ್ನನ್ನು ನೋಡಿ ಕಾರು ತೆಗೆದ. ಗ್ರಹಣದಲ್ಲಿ ಹೊಸ್ತಿಲು ದಾಟಿದ್ದು ಅದೇ ಮೊದಲು. ನಾಯಿ ಡಾಕ್ಟರು ರಕ್ತ ನೋಡಿ, ಸಕ್ಕರೆ ಮೂವತ್ತೆಂಟಕ್ಕೆ ಇಳಿದಿದೆ ಎಂದರು. ಅಂಗೈಯಗಲದ ಪ್ರಾಣಿಯ ಮೈಯಲ್ಲಿ ಕೂಡಿಟ್ಟ ಶಕ್ತಿ ಏನೂ ಇರುವುದಿಲ್ಲವಂತೆ. ಹೊತ್ತು ಹೊತ್ತಿಗೆ ಹೊಟ್ಟೆಗೆ ಬೀಳದಿದ್ದರೆ ದೀಪದ ಎಣ್ಣೆ ತೀರಿದ ಹಾಗೆ. ಜೇನು ಹಚ್ಚದಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಯಾವಾಗ ತಿಂದಿತ್ತು ಎಂದು ಕೇಳಿದರು.

ಬೆಳಿಗ್ಗೆ ಎಂದೆ.

ಎಪ್ಪತ್ತಾರು ವರ್ಷದ ನಾನು ನಾಯಿ ಡಾಕ್ಟರ ಮುಂದೆ ಸುಳ್ಳು ಹೇಳಿದೆ. ಕೇಶವನಿಗೂ ಅದೇ ಸುಳ್ಳು ಹೇಳಿ, ಚಿಕ್ಕಮ್ಮನಿಗೆ ನಾನೇ ಬರೆಯುತ್ತೇನೆ, ನೀನು ಬಾಯಿ ಬಿಡಬೇಡ ಎಂದೆ. ಬಳಿಕ ನಿನಗೆ ಒಂದು ಸಾಲು ಬರೆದೆ, ಮೇಲಿಂದ ನಿನ್ನನ್ನೇ ಪ್ರಶ್ನೆ ಕೇಳಿದೆ.

ನೀನು ಕಾರಣ ಏಕೆ ಬರೆಯಲಿಲ್ಲವೆಂದು ಈಗ ಕೇಳುವುದಿಲ್ಲ. ಸಕ್ಕರೆ ಇಳಿಯುತ್ತದೆ ಎಂದು ನನಗೆ ಇನ್ನೊಮ್ಮೆ ಹೇಳಲು ನಿನಗೆ ಏಕೆ ಮನಸ್ಸು ಬಂದೀತು?

ಆ ತಿಥಿಯ ದಿನ ನೀನು ಮಾಡಿದ್ದು ಸರಿ. ನಾನು ಆಡಿದ ಮಾತು ತಪ್ಪು. ಗೋಪಿಗೆ ಹೇಳಬೇಕಿತ್ತು. ಅವನು ತೀರಿಕೊಂಡಾಗಲೂ ಕಾಲುನೋವು, ಬರಲಾರೆ ಎಂದು ಬರೆದು ಸುಮ್ಮನಾದೆ. ಕಾಲು ಚೆನ್ನಾಗಿಯೇ ಇತ್ತು.

ಏಲಕ್ಕಿಯನ್ನು ತಕ್ಷಣ ಕರೆಸಿಕೊಳ್ಳುವುದಾದರೆ ಒಂದು ಸಾಲು ಬರೆ. ಕೇಶವ ತಂದು ಬಿಡುತ್ತಾನೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಅಲ್ಲಿಯತನಕ ನಾಲ್ಕು ಹೊತ್ತು ನಾನೇ ಹಾಕುತ್ತೇನೆ. ಗಡಿಯಾರಕ್ಕೆ ಅಲಾರಂ ಇಡುವುದನ್ನು ಸಿಯಾ ಕಲಿಸಿದ್ದಾಳೆ.

ಸತ್ಯಭಾಮಾ


ನೇಪರ್‌ವಿಲ್
ಮೇ 4, 2024

ಅಕ್ಕನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಮೂರು ದಿನವಾಯಿತು. ನಾನೂ ಒಂದು ಹರಿದೆ. ನಮ್ಮ ಮನೆತನದ ಸೊಸೆಯರು ಕಾಗದದವರಿಗೆ ಒಳ್ಳೆಯ ವ್ಯಾಪಾರ ಮಾಡಿಕೊಟ್ಟೆವು.

ನನಗೆ ಎಂಟನೇ ತಾರೀಖೇ ಗೊತ್ತಿತ್ತು. ಏಲಕ್ಕಿಯ ಕತ್ತಿನ ಚರ್ಮದೊಳಗೆ ಅಕ್ಕಿಕಾಳಿನಷ್ಟು ಚಿಪ್ ಇದೆ, ಅದರಲ್ಲಿ ನನ್ನ ನಂಬರ್ ಇದೆ. ಚಿಕಿತ್ಸೆಗೆ ಮಾಲೀಕರ ಒಪ್ಪಿಗೆ ಬೇಕು ಅಂತ ಆ ಡಾಕ್ಟರ ಆಫೀಸಿನಿಂದ ರಿಹ್ಯಾಬಿನಲ್ಲಿದ್ದ ನನಗೆ ಫೋನ್ ಬಂತು. ಏನು ಬೇಕೋ ಮಾಡಿ ಅಂದೆ. "ಬೆಳಿಗ್ಗೆ ತಿಂದಿದೆ ಅಂತ ಆ ಹಿರಿಯರು ಹೇಳ್ತಿದಾರೆ, ನಿಜಾನಾ?" ಅಂತ ಕೇಳಿದರು. ಅವತ್ತು ಗ್ರಹಣ ಅಂತ ನನಗೆ ಗೊತ್ತು, ನಿಮ್ಮನ್ನೂ ಗೊತ್ತು. ಆದರೂ "ನಮ್ಮಕ್ಕ ಸುಳ್ಳು ಹೇಳೋರಲ್ಲ" ಅಂದುಬಿಟ್ಟೆ. ಯಾಕೆ ಅಂದೆನೋ ಗೊತ್ತಿಲ್ಲ. ಆಮೇಲೆ ಕೋಪ ಬಂತು. ನೀವಾಗಿಯೇ ಬರೆಯುವ ತನಕ ಕೇಳಬಾರದು ಅಂತ ಕೂತೆ.

ನಿಮ್ಮದು ಒಂದಾಯಿತು, ನನ್ನದೂ ಒಂದಿದೆ. ಗ್ರಹಣಕ್ಕೆ ಮೂರು ದಿನ ಮುಂಚೆ ನಿಮ್ಮ ಕಾಗದ ಓದಿದಾಗಲೇ ನನಗೆ ತಿಳಿದುಹೋಯಿತು. "ಎಲ್ಲರಿಗೂ ಗ್ರಹಣ" ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಫೋನ್ ಕೈಯಲ್ಲೇ ಇತ್ತು. ನಂಬರ್ ಒತ್ತಿದರೆ ಮುಗಿದುಹೋಗುತ್ತಿತ್ತು. ಆದರೆ ಫೋನ್ ಬೇಡ ಅಂದವರು ನೀವು, ನಾನು ಯಾಕೆ ಸೋಲಲಿ ಅಂತ ಅತ್ತೆಯ ಮಾತನ್ನು ಮುಂದಿಟ್ಟುಕೊಂಡು ಕಾಗದ ಬರೆದೆ. ಅದು ಸೋಮವಾರದೊಳಗೆ ಮುಟ್ಟೋಲ್ಲ ಅಂತ ಸ್ಟಾಂಪ್ ಅಂಟಿಸುವಾಗಲೇ ಗೊತ್ತಿತ್ತು. ನಿಮ್ಮ ಹಟಕ್ಕೆ ಏಲಕ್ಕಿ ಹಸಿದಿದ್ದಳು. ನನ್ನ ಹಟಕ್ಕೂ ಹಸಿದಿದ್ದಳು.

ಕ್ಷಮಿಸಿದೆ ಅಂತ ಬರೆಯೋಲ್ಲ. ಹಿರಿಯರಿಗೆ ಹಾಗೆ ಬರೆಯಬಾರದು ಅಂತ ನೀವೇ ಹೇಳಿಕೊಟ್ಟದ್ದು. ಆದರೆ ಒಂದು ಹೇಳಬೇಕು. ಅವತ್ತು ನಿಮ್ಮ ಮನೆಯಿಂದ ಹೊರಟು, ಜಾಕ್ಸನ್ ಹತ್ತಿರ ಎಕ್ಸಿಟ್ ತೆಗೆದುಕೊಂಡು ಏನೋ ತಿಂದೆವು. ಇವರು "ಅತ್ತಿಗೆ ಕೈಯ ಹಯಗ್ರೀವ ತಪ್ಪಿಹೋಯಿತು ಕಣೇ" ಅಂದರು. ಅಷ್ಟೇ ಅಂದದ್ದು. ಕೊನೆಯವರೆಗೂ ಬೇರೆ ಏನೂ ಅನ್ನಲಿಲ್ಲ.

ಏಲಕ್ಕಿಯನ್ನು ಈಗಲೇ ಕರೆಸಿಕೊಳ್ಳೋಲ್ಲ. ಹೇಳಿದ ಎಂಟು ವಾರ ನಿಮ್ಮ ಹತ್ತಿರವೇ ಇರಲಿ. ನನಗೆ ಈಗ ಕೋಲು ಹಿಡಿದು ನಡೆಯಲು ಬರುತ್ತೆ. ಹದಿನೆಂಟನೇ ತಾರೀಖು ಶನಿವಾರ ಲೀನಾ ನನ್ನನ್ನು ಕರೆದುಕೊಂಡು ಬರುತ್ತಾಳೆ. ಅವತ್ತು ಏಕಾದಶಿ, ಗೊತ್ತು. ಅವಳಿಗೆ ಬೇರೆ ದಿನ ರಜ ಇಲ್ಲ. ನಿಮಗೆ ತೊಂದರೆ ಆಗಬಾರದು. ನಾವು ದಾರಿಯಲ್ಲಿ ತಿಂದುಕೊಂಡು ಬರುತ್ತೇವೆ. ನಾನು ಕಾರಿನಲ್ಲೇ ಕೂತಿರುತ್ತೇನೆ, ಏಲಕ್ಕಿಯನ್ನು ಕೇಶವನ ಕೈಯಲ್ಲಿ ಹೊರಗೆ ಕಳಿಸಿ.

ಶೈಲಾ


ಕ್ಯಾಂಟನ್
ಮೇ 9, 2024

ಶೈಲಾಗೆ ಆಶೀರ್ವಾದಗಳು.

ಕಾಗದ ಬಂತು. ನೀನು ಫೋನ್ ಮಾಡಬೇಕಿತ್ತು. ನಾನು ಎತ್ತುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಏಲಕ್ಕಿ ಈಗ ಅಡುಗೆಮನೆಯ ಬಾಗಿಲಲ್ಲಿ ಮಲಗುತ್ತಾಳೆ. ಒಳಗೆ ಬರುವುದಿಲ್ಲ. ಬಂದರೂ ನಾನು ಏನೂ ಅನ್ನುವುದಿಲ್ಲವೆಂದು ಅವಳಿಗೆ ಇನ್ನೂ ಗೊತ್ತಾದಂತಿಲ್ಲ. ತೂಕ ಏರಿ ಮೂರು ಪೌಂಡು ಹನ್ನೊಂದು ಔನ್ಸು ಆಗಿದೆ. ಪೇಸ್ಟು ಗರಾಜಿನಿಂದ ಬಚ್ಚಲಿಗೆ ಬಂದಿದೆ. ದಿನಾ ಹಲ್ಲುಜ್ಜುತ್ತೇನೆ. ಕಚ್ಚುವುದಿಲ್ಲ.

ಹದಿನೆಂಟರ ವಿಷಯ. ದಾರಿಯಲ್ಲಿ ಏನೂ ತಿನ್ನಬೇಡಿ. ಕಾರಿನಲ್ಲಿ ಕೂರಬೇಡ. ಮುಂಬಾಗಿಲಿಗೆ ಎರಡು ಮೆಟ್ಟಿಲು, ಕೇಶವ ಹಿಡಿಕೆ ಹಾಕಿಸಿದ್ದಾನೆ. ಕೋಲಿನ ಕೈ ಬಲಗಡೆ ಇರಲಿ. ಇಲ್ಲಿಯ ಗಡಿಯಾರ ನಿಮ್ಮದಕ್ಕಿಂತ ಒಂದು ಗಂಟೆ ಮುಂದಿದೆ, ಅದನ್ನು ಲೆಕ್ಕ ಹಿಡಿದು ಹೊರಡಿ. ಹನ್ನೆರಡಕ್ಕೆ ಏಲಕ್ಕಿಯ ಊಟ, ಅದೇ ಹೊತ್ತಿಗೆ ನಿಮಗೂ ಎಲೆ ಹಾಕುತ್ತೇನೆ. ಹಯಗ್ರೀವ ಮಾಡುತ್ತೇನೆ.

ಏಕಾದಶಿಯ ದಿನ ನನಗೆ ಉಪವಾಸ. ಐವತ್ತಾರು ವರ್ಷದಿಂದ ಆ ದಿನ ನನ್ನ ಮನೆಯಲ್ಲಿ ಒಲೆ ಹಚ್ಚಿಲ್ಲ. ಹದಿನೆಂಟರಂದು ಹಚ್ಚುತ್ತೇನೆ.

ಸತ್ಯಭಾಮಾ